ಇಟ್ಟಿಗೆ ಗೋಡೆಯ ತಾಳ

"ನೋಡ್ರೋ, ಬೆರಳು ಆಡ್ತಾ ಇದೆ. ನಾಲ್ಕು ತಂತೀನೂ ಕುಣೀತಾ ಇದೆ. ಸದ್ದೆಲ್ಲಿ? ಬಾಸ್ ಎಲ್ಲಿ?" ಎಂದು ಥ್ರಾಸೊಸ್ ಮುಳ್ಳುಚಮಚವನ್ನು ಟೀವಿಯ ಕಡೆ ಚಾಚಿದ. ಅದರ ತುದಿಯಲ್ಲಿದ್ದ ಆಕ್ಟೋಪಸ್ ತುಂಡು ಜಾರಿ ಮೇಜಿನ ಕೆಳಗೆ ಬಿತ್ತು. ಕೆಳಗಿದ್ದ ಬೆಕ್ಕು ಅದಕ್ಕೇ ಕಾದಿದ್ದಂತೆ ಎತ್ತಿಕೊಂಡು ಹೋಯಿತು.

"ಬಾಸ್ ಎಲ್ಲಿ?" ಎಂದು ಮೇಜಿನ ಸುತ್ತ ಕುಳಿತವರೆಲ್ಲ ಒಂದೇ ದನಿಯಲ್ಲಿ ಕೂಗಿ, ಲೆಮೋನಿಯಾಳ ಕಡೆ ತಿರುಗಿ ಗ್ಲಾಸು ಎತ್ತಿದರು.

ಲೆಮೋನಿಯಾ ನಗುತ್ತ ತನ್ನ ಗ್ಲಾಸನ್ನೂ ಎತ್ತಿದಳು. ಸಿಡೆರೋಪೋರ್ಟಾ ಬ್ಯಾಂಡಿನ ಆ ಕಾರ್ಯಕ್ರಮದ ವಿಡಿಯೋಗೆ ಸೌಂಡ್ ಕೂಡಿಸಿದವಳು ಅವಳೇ. ಗಿಟಾರು, ಡ್ರಮ್ಮು, ಹಾಡು ಎಲ್ಲವೂ ಎದೆಗೆ ಗುದ್ದುವ ಹಾಗೆ ಕೇಳುತ್ತಿದ್ದ ಆ ವಿಡಿಯೋದಲ್ಲಿ ಬಾಸ್ ಗಿಟಾರಿನ ದನಿ ಮಾತ್ರ ಪಕ್ಕದ ಮನೆಯಲ್ಲಿ ಯಾರೋ ಮೇಜು ಸರಿಸಿದಷ್ಟು ಕೇಳುತ್ತಿತ್ತು. ಇಪ್ಪತ್ತು ವರ್ಷದಿಂದ ಅಭಿಮಾನಿಗಳು ಅದನ್ನೇ ಹಿಡಿದು ಅವಳನ್ನು ರೇಗಿಸುತ್ತಿದ್ದರು. ಥ್ರಾಸೊಸ್ ಅಂತೂ ಎದೆಯ ಮೇಲೆ 'ಬಾಸ್ ಎಲ್ಲಿ?' ಎಂದು ಅಚ್ಚು ಹಾಕಿಸಿದ ಕಪ್ಪು ಅಂಗಿ ಹೊಲಿಸಿಕೊಂಡಿದ್ದ. ಅವನು ಮಾಂಸದಂಗಡಿಯವನು, ಅಭಿಮಾನಿಗಳ ಸಂಘಕ್ಕೆ ತಾನೇ ಅಧ್ಯಕ್ಷನಾದವನು. ಬೇಸಿಗೆಯಲ್ಲಿ ಅದೇ ಅಂಗಿ ತೊಟ್ಟು ಕುರಿತೊಡೆ ಕಡಿಯುತ್ತಿದ್ದ.

ಶನಿವಾರ ಮಧ್ಯಾಹ್ನ ವೋಲೋಸ್ ಬಂದರಿನ ಹಿಂದಿನ ಬೀದಿಯಲ್ಲಿ, ಮೋರ್ಫೋಳ ಅಂಗಡಿಯಲ್ಲಿ ಈ ಮೇಜು ಕೂಡುತ್ತಿತ್ತು. ಸಣ್ಣ ಸೀಸೆಗಳಲ್ಲಿ ಸಿಪುರೊ ಸಾರಾಯಿ, ಸೀಸೆಗೊಂದು ತಟ್ಟೆ ತಿನಿಸು, ಗೋಡೆಯ ಮೇಲಿನ ಟೀವಿಯಲ್ಲಿ ಅದೇ ವಿಡಿಯೋ. ಹೊರಗೆ ಜನವರಿಯ ಬಿಸಿಲು. ಚಳಿಗಾಲದ ನಟ್ಟನಡುವೆ ಗಾಳಿ ನಿಂತು, ಸಮುದ್ರ ಉಸಿರು ಬಿಗಿಹಿಡಿದು ಮಲಗುವ ಆ ಕೆಲವು ದಿನಗಳಲ್ಲಿ ಊರಿಗೆ ಊರೇ ಅರೆನಿದ್ದೆಯಲ್ಲಿ ಓಡಾಡುವ ಹಾಗಿರುತ್ತದೆ. ಬಾಗಿಲಿನಾಚೆ ಕಟ್ಟಿದ ದೋಣಿಗಳ ನೆರಳು ನೀರಿನ ಮೇಲೆ ಅಲುಗದೆ ಬಿದ್ದಿತ್ತು.

"ಬಾಸ್ ಬಿಡು ಮಾರಾಯ, ಹಾಡ್ತಾ ಹಾಡ್ತಾ ಲಾಬ್ರೋಸ್ ಕೂಗೋದು ಕೇಳು," ಎಂದಳು ಬೇಕರಿಯ ಎವಾಂಥಿಯಾ. "ಈ ಮೂರನೇ ಹಾಡಿನ ಕೊನೇಲಿ ಕೂಗ್ತಾನಲ್ಲ, ನನ್ನ ಗಂಡನೂ ಹಾಗೇ ಕೂಗ್ತಿದ್ದ, ಅದಕ್ಕೇ ಅಲ್ವಾ ಮದ್ವೆ ಆಗಿದ್ದು. ಈಗ ರಿಮೋಟ್ ಸಿಗದಿದ್ರೆ ಮಾತ್ರ ಕೂಗ್ತಾನೆ."

"ಕ್ಯಾಮೆರಾದವನು ಡ್ರಮ್ಮರ್ ಹತ್ರ ಲಂಚ ತಿಂದಿದಾನೆ," ಎಂದ ಗಣಿತದ ಮೇಷ್ಟ್ರು ಸೊಟಿರಿಸ್. "ಯಾವಾಗ ನೋಡಿದ್ರೂ ಅವನ ಬೋಳುತಲೆ. ಆ ಹೊಗೆ ಬೇರೆ. ಅಷ್ಟು ಹೊಗೆ ಯಾಕೆ ಬಿಟ್ರು? ಮೀನು ಸುಡ್ತಿದ್ರಾ?"

"ಅದು ಹೊಗೆ ಅಲ್ಲ, ಇಟ್ಟಿಗೆ ಧೂಳು," ಎಂದಳು ಲೆಮೋನಿಯಾ.

ಹಳೆಯ ಇಟ್ಟಿಗೆ ಭಟ್ಟಿಯ ಅಂಗಳದಲ್ಲಿ ನಡೆದ ಕಾರ್ಯಕ್ರಮ ಅದು. ಒಂದು ತುದಿಯಲ್ಲಿ ವೇದಿಕೆ, ಅದಕ್ಕೆ ನೇರ ಎದುರಿಗೆ, ಅಂಗಳದಾಚೆ, ಭಟ್ಟಿಯ ಎತ್ತರದ ಕೆಂಪು ಗೋಡೆ. ಸೂರ್ಯ ಇಳಿಯುವ ಹೊತ್ತಿಗೆ ಶುರುವಾಗಿತ್ತು. ಜನ ಕುಣಿದ ಹಾಗೆಲ್ಲ ನೆಲದ ಧೂಳೆದ್ದು ಇಡೀ ಅಂಗಳ ಕೆಂಪಗೆ ತೇಲುತ್ತಿತ್ತು. ಟೀವಿಯಲ್ಲಿ ಆ ಧೂಳಿನೊಳಗಿಂದ ಬಾಸ್ ನುಡಿಸುವ ಅರ್ಗಿರಿಸ್ ಮುಂದೆ ಬಂದ. ಉದ್ದ ಕೂದಲು, ಕಣ್ಣು ಮುಚ್ಚಿದೆ, ತಲೆ ಒಂದು ಕಡೆ ವಾಲಿದೆ. ಯಾರೋ ದೂರದಿಂದ ಕರೆದದ್ದನ್ನು ಕೇಳಿಸಿಕೊಳ್ಳುವವನ ಮುಖ. ಲೆಮೋನಿಯಾ ತಟ್ಟೆಯಲ್ಲಿದ್ದ ಆಲಿವ್ ಕಾಯಿ ಆರಿಸತೊಡಗಿದಳು. ಆ ತುಣುಕು ಬಂದಾಗೆಲ್ಲ ಅವಳು ತಟ್ಟೆ ನೋಡುತ್ತಿದ್ದಳು.

ಥ್ರಾಸೊಸ್ ಗ್ಲಾಸಿಗೆ ಚಮಚ ತಟ್ಟಿದ. "ಒಂದು ಸಮಾಚಾರ ಇದೆ. ನಿನ್ನೆ ಅಥೆನ್ಸಿಂದ ಲಾಬ್ರೋಸ್ ಫೋನ್ ಮಾಡಿದ್ದ. ವಿಡಿಯೋ ಹೊಸದಾಗಿ ಬಿಡ್ತಾರಂತೆ. ಚಿತ್ರ ಎಲ್ಲ ತೊಳೆದು, ಸೌಂಡೂ ಮೊದಲಿಂದ ಮಾಡಿಸಿ. ಅಭಿಮಾನಿಗಳು ಏನು ಕೇಳಿದಾರೋ ಅದನ್ನ ಕೊಡೋಣ ಅಂದ. ಹೇಳ್ರಪ್ಪ, ಏನು ಕೇಳಿದೀವಿ ನಾವು?"

"ಬಾಸ್!"

"ಅವತ್ತು ರೆಕಾರ್ಡ್ ಮಾಡಿದ್ದೆಲ್ಲ ನಿನ್ನ ಹತ್ರಾನೇ ಇದೆಯಂತಲ್ಲ, ಲೆಮೋನಿಯಾ? ನೀನೇ ಮಾಡ್ಬೇಕು. ಮಾಡಿದ ಪಾಪ ತೊಳ್ಕೊಳ್ಳೋಕೆ ಇದೇ ಸಮಯ ಕಣೇ."

"ನೋಡೋಣ," ಎಂದಳು ಲೆಮೋನಿಯಾ.

"ನೋಡೋದೇನು? ಅರ್ಗಿರಿಸ್‌ಗೂ ಹೇಳ್ಬಿಟ್ಟಿದೀನಿ. ಬೆಳಿಗ್ಗೆ ಅಗ್ರಿಯಾಕ್ಕೆ, ಅವನ ಮನೆಗೇ ಹೋಗಿದ್ದೆ. ದೋಣಿಗೆ ಬಣ್ಣ ಬಳೀತಿದ್ದ. ಕೇಳಿ ಕುಂಚ ಕೆಳಗಿಟ್ಟುಬಿಟ್ಟ."

ಲೆಮೋನಿಯಾಳ ಕೈಯಲ್ಲಿದ್ದ ಆಲಿವ್ ಅಲ್ಲೇ ನಿಂತಿತು. "ಏನಂದ?"

"ಏನೂ ಅನ್ಲಿಲ್ಲ. ನಗ್ತಾ ಇದ್ದ ಅನ್ಸುತ್ತೆ. ಅವನ ಗಡ್ಡದೊಳಗೆ ಯಾರಿಗೆ ಗೊತ್ತಾಗುತ್ತೆ."

ಮನೆಗೆ ಬಂದ ಲೆಮೋನಿಯಾ ಬಾಲ್ಕನಿಯ ಬಾಗಿಲು ತೆರೆದಿಟ್ಟು ಸೋಫಾದ ಮೇಲೆ ಕಾಲು ಚಾಚಿದಳು. ಅವಳಿಗೀಗ ಐವತ್ತು ದಾಟಿತ್ತು. ಪುರಸಭೆಯ ನಾಟಕಶಾಲೆಯಲ್ಲಿ ಸೌಂಡ್ ನೋಡಿಕೊಳ್ಳುವ ಕೆಲಸ. ಹಬ್ಬಗಳಲ್ಲಿ ಪಾದ್ರಿಗೆ ಮೈಕು ಕಟ್ಟುವುದೂ ಅವಳೇ. ಫೋನು ತೆಗೆದು ವಿಡಿಯೋದ ಕೆಳಗೆ ಜನ ಬರೆದದ್ದನ್ನು ಓದತೊಡಗಿದಳು. ಯಾಕೆ ಓದುತ್ತೇನೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದಳು, ಬಿಟ್ಟಿರಲಿಲ್ಲ. ಚಿಲಿಯವನೊಬ್ಬ, ಈ ಬ್ಯಾಂಡು ತನ್ನೂರಿನಲ್ಲಿ ಹುಟ್ಟಬೇಕಾಗಿತ್ತು ಎಂದು ಅತ್ತಿದ್ದ. ಪೋಲೆಂಡಿನ ಹುಡುಗಿಗೆ ಗಿಟಾರಿನವನ ಬಿಳಿ ಬೂಟು ಇಷ್ಟವಾಗಿತ್ತು. ಆ ಬೂಟಿನ ಬಗ್ಗೆಯೇ ಇಬ್ಬರು ಬೈದಾಡಿಕೊಂಡಿದ್ದರು. 'ಬಾಸ್ ಎಲ್ಲಿ' ಅಂತೂ ನಾನಾ ಭಾಷೆಗಳಲ್ಲಿತ್ತು. ಅವುಗಳ ನಡುವೆ ಯಾರೋ ಹೆಸರಿಲ್ಲದವರು ಬರೆದ ಒಂದು ಸಾಲು: 'ಇದಕ್ಕೆ ಸೌಂಡ್ ಮಾಡಿದವರಿಗೆ ಆ ಬಾಸ್ ವಾದಕನ ಮೇಲೆ ಏನೋ ದ್ವೇಷ ಇದ್ದಿರಬೇಕು.'

ಅದನ್ನು ಓದಿ ಕಣ್ಣು ಮುಚ್ಚಿದಳು. ಬಿಸಿಲು ರೆಪ್ಪೆಯ ಮೇಲೆ ಕೆಂಪಗೆ ಬಿದ್ದಿತ್ತು. ಆ ಕೆಂಪಿನೊಳಗೆ ಇಟ್ಟಿಗೆ ಧೂಳು ಎದ್ದಿತು.

ಆ ಬೇಸಿಗೆಗಳಲ್ಲಿ ಬ್ಯಾಂಡಿನವರ ಜೊತೆ ಅವಳೂ ವ್ಯಾನಿನಲ್ಲಿ ಊರೂರು ಅಲೆಯುತ್ತಿದ್ದಳು. ಮುಂದಿನ ಸೀಟನ್ನು ಅರ್ಗಿರಿಸ್ ಯಾವಾಗಲೂ ಅವಳಿಗಾಗಿ ಹಿಡಿದಿಡುತ್ತಿದ್ದ. ಕಾರ್ಯಕ್ರಮ ಮುಗಿದ ಮೇಲೆ ಉಳಿದವರು ಕುಡಿಯಲು ಹೋದರೆ ಅವರಿಬ್ಬರು ಕೂತು ವೈರು ಸುತ್ತುತ್ತಿದ್ದರು. ಆ ಕಡೆಯಿಂದ ಅವನು, ಈ ಕಡೆಯಿಂದ ಅವಳು. ಇನ್ನೇನು ಮದುವೆ ಎಂದು ಎಲ್ಲರೂ ತಮ್ಮಷ್ಟಕ್ಕೆ ಅಂದುಕೊಂಡಿದ್ದರು. ಇಟ್ಟಿಗೆ ಭಟ್ಟಿಯ ಕಾರ್ಯಕ್ರಮ ಮುಗಿದಾಗ ಅವನು ವೇದಿಕೆಯಿಂದ ಇಳಿದು ಬಂದದ್ದು ಅವಳಿಗೆ ಈಗಲೂ ಕಾಣುತ್ತಿತ್ತು. ಅಂಗಿಯೆಲ್ಲ ಒದ್ದೆ, ಮುಖದ ಮೇಲೆ ಕೆಂಪು ಧೂಳಿನ ಗೆರೆ. "ಕೇಳಿದ್ಯಾ ಲೆಮೋನಿಯಾ? ಗೋಡೆ ಕೂಡ ನನ್ನ ಜೊತೆ ನುಡಿಸ್ತಿತ್ತು ಕಣೇ! ನನ್ನ ಜೀವಮಾನದಲ್ಲಿ ಹೀಗೆ ನುಡಿಸಿಲ್ಲ. ನೀನು ಬೇರೆ ಏನು ಬೇಕಾದ್ರೂ ಮಾಡ್ಕೊ, ನನ್ನ ಭಾಗ ಮಾತ್ರ ಮುಟ್ಬೇಡ." ಅವಳು ಹೂಂ ಎಂದಿದ್ದಳು.

ವಾರದ ಮೇಲೆ ಒಬ್ಬಳೇ ಕೂತು ಕೇಳಿದಾಗ ಗೊತ್ತಾಯಿತು. ಎರಡನೇ ಹಾಡಿನಿಂದಲೇ ಅರ್ಗಿರಿಸ್ ತಾಳ ಬಿಟ್ಟಿದ್ದ. ಒಂದು ಸಾಲು ಡ್ರಮ್ಮಿನ ಜೊತೆ, ಮುಂದಿನ ಸಾಲು ಅದರ ಹಿಂದೆ, ಮತ್ತೆ ಜೊತೆ, ಮತ್ತೆ ಹಿಂದೆ. ಡ್ರಮ್ಮಿನ ಪೆಟ್ಟು ಎದುರು ಗೋಡೆಗೆ ಹೋಗಿ ವಾಪಸು ಬರುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹಿಂದೆ. ಅವನು ಗೋಡೆಯನ್ನು ಕೇಳಿ ನುಡಿಸಿದ್ದ. ಯಾಕೆ ಎಂದು ಅವಳಿಗೂ ತಿಳಿಯಲಿಲ್ಲ. ಡ್ರಮ್ಮರ್ ಏನೂ ಹೇಳಿರಲಿಲ್ಲ. ಅವನು ಬಾರಿಸಲು ಕೂತರೆ ಪಕ್ಕದಲ್ಲಿ ಬೆಂಕಿ ಬಿದ್ದರೂ ತಿಳಿಯದವನು. ಅವಳು ತುಂಡು ತುಂಡಾಗಿ ಕತ್ತರಿಸಿ ಸರಿಮಾಡಲು ನೋಡಿದಳು. ತಾಳ ಸರಿಹೋಯಿತು, ಆದರೆ ಅದರೊಳಗೆ ಅರ್ಗಿರಿಸ್ ಇರಲಿಲ್ಲ. ಹೆಣಕ್ಕೆ ಕೋಟು ತೊಡಿಸಿದ ಹಾಗಿತ್ತು. "ಬೇರೆ ಯಾರ ಕೈಲಾದ್ರೂ ನುಡಿಸಿ ಸೇರಿಸೋಣ," ಎಂದ ಲಾಬ್ರೋಸ್. ಪರದೆಯ ಮೇಲೆ ಇವನ ಬೆರಳು, ಕೇಳುವುದು ಇನ್ಯಾರದೋ ಬೆರಳು. ಅದು ಅವಳಿಂದಾಗಲಿಲ್ಲ. ಇಳಿಸುತ್ತ ಹೋದಳು. ತಪ್ಪು ಕೇಳದಷ್ಟು ಇಳಿಸಿದಳು.

ವಿಡಿಯೋದ ಡಿಸ್ಕು ಬಂದ ದಿನ ಅರ್ಗಿರಿಸ್ ಅವಳ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ. "ನನ್ನ ಅಳಿಸಿಬಿಟ್ಟೆ," ಎಂದ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನ ಜೀವಮಾನದ ಒಂದು ಸಂಜೆಯನ್ನು ಅವನ ಕೈಯಿಂದ ಕಿತ್ತುಕೊಳ್ಳುವ ಮಾತು ಅದು. "ಹಾಗೇ ಚೆನ್ನಾಗಿತ್ತು ಅನ್ನಿಸ್ತು," ಎಂದಳು. ಅವನು ಮೆಟ್ಟಿಲಿಳಿದು ಹೋದ. ಬ್ಯಾಂಡು ಬಿಟ್ಟ, ನುಡಿಸುವುದನ್ನೇ ಬಿಟ್ಟ. ಆಮೇಲೆ ಬೀದಿಯಲ್ಲಿ ಎದುರಾದರೆ ಅಂಗಡಿಯ ಗಾಜು ನೋಡುತ್ತ ದಾಟಿಹೋಗುತ್ತಿದ್ದ.

ಭಾನುವಾರ ಮಧ್ಯಾಹ್ನ ಅವಳು ಬಾಲ್ಕನಿಯಲ್ಲಿ ಕೂತು ಪಾದ್ರಿಯ ಮೈಕು ಒಣಗಿಸುತ್ತಿದ್ದಳು. ನೀರು ಹರಸುವ ಹಬ್ಬದ ದಿನ ಸಮುದ್ರಕ್ಕೆ ಶಿಲುಬೆ ಎಸೆಯುವ ಉತ್ಸಾಹದಲ್ಲಿ ಪಾದ್ರಿ ಮೈಕನ್ನೂ ಅದ್ದಿಬಿಟ್ಟಿದ್ದರು. ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಬಗ್ಗಿ ನೋಡಿದಳು. ಬಿಳಿಗಡ್ಡದ ಒಬ್ಬ ಮೇಲೆ ನೋಡುತ್ತ ನಿಂತಿದ್ದ. ಪ್ಯಾಂಟಿನ ಮೇಲೆಲ್ಲ ನೀಲಿ ಬಣ್ಣದ ಚುಕ್ಕೆ.

"ಕೇಳಿಸು," ಎಂದ ಅರ್ಗಿರಿಸ್, ಮೇಲೆ ಬಂದವನೇ. ಕುಶಲ ಕೇಳಲಿಲ್ಲ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಥ್ರಾಸೊಸ್ ಹೇಳ್ದ, ಹೊಸದಾಗಿ ಮಾಡ್ತಿದೀಯಂತೆ. ಊರವರಿಗೆಲ್ಲ ಕೇಳಿಸೋಕೆ ಮುಂಚೆ ನಾನೊಂದ್ಸಲ ಕೇಳ್ಬೇಕು."

"ಕಾಫಿ ಇಡ್ತೀನಿ ಕೂತ್ಕೊ."

"ಇಡು. ಇಟ್ಟು ಕೇಳಿಸು."

ಹಿಂದಿನ ಕೋಣೆಯಲ್ಲಿ ಅವಳು ರೆಕಾರ್ಡಿಂಗ್ ಇದ್ದ ಹಳೆಯ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿದಳು. ಅರ್ಗಿರಿಸ್ ಕುರ್ಚಿಯನ್ನು ಓರೆಯಾಗಿ ತಿರುಗಿಸಿ, ಎಡಗಿವಿ ಸ್ಪೀಕರಿನ ಕಡೆ ಮಾಡಿ ಕುಳಿತ. ಅವಳು ಅವನ ಇನ್ನೊಂದು ಕಿವಿಯ ಕಡೆ ನೋಡಿದಳು.

"ಬಲಗಿವಿ?"

"ಹೋಯ್ತು. ಹೋಗಿ ಎಷ್ಟೋ ವರ್ಷ ಆಯ್ತು. ಹಾಕು ನೀನು."

ಬಾಸ್ ಒಂದನ್ನೇ ಹಾಕಿದಳು. ಕೋಣೆಯ ನೆಲ ಸಣ್ಣಗೆ ನಡುಗಿತು. ಬೇರೇನೂ ಇಲ್ಲದೆ ಆ ದನಿಯೊಂದೇ, ಕತ್ತಲೆಯ ನೀರಿನಡಿ ಯಾರೋ ಅವಸರವಿಲ್ಲದೆ ನಡೆದುಹೋಗುವ ಹಾಗೆ, ತುಂಬಿಕೊಂಡಿತು. ಕಿಟಕಿಯ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತಿದ್ದವು. ಅರ್ಗಿರಿಸ್‌ನ ಪಾದ ತಾಳ ಹಾಕತೊಡಗಿತು. ಬಣ್ಣದ ಕಲೆಯ ಬೆರಳುಗಳು ತೊಡೆಯ ಮೇಲೆ ತಾವೇ ಆಡಿದವು. ಬಿಳಿಗಡ್ಡದೊಳಗಿಂದ ಆ ಸಂಜೆಯ ಮುಖ ಮೇಲೆದ್ದು ಬರುವುದನ್ನು ಅವಳು ನೋಡಿದಳು.

"ನೋಡು! ನೋಡು ಹೇಗಿದೆ! ಇದನ್ನ ಮುಚ್ಚಿಟ್ಯಲ್ಲ ಲೆಮೋನಿಯಾ! ನಿನ್ನ ಮನಸ್ಸಿಗೆ ಏನೂ ಅನಿಸ್ಲಿಲ್ವಾ?"

ಅವಳು ಒಲೆಯ ಮೇಲಿನ ಕಾಫಿ ನೋಡಲು ಏಳಹೊರಟಳು.

"ಡ್ರಮ್ ಹಾಕು ಈಗ."

"ಬೇಡ ಅರ್ಗಿರಿಸ್. ಇಷ್ಟು ಸಾಕು ಇವತ್ತಿಗೆ."

"ಹಾಕು ಕಣೇ."

ಹಾಕಿದಳು. ಮೊದಲ ಹಾಡು ದಾಟಿತು. ಎರಡನೆಯದರ ನಡುವೆ ಅವನ ಪಾದ ತಡವರಿಸಿತು, ಸುಧಾರಿಸಿಕೊಂಡಿತು, ಮತ್ತೆ ತಡವರಿಸಿತು. ಆಮೇಲೆ ನಿಂತೇಬಿಟ್ಟಿತು. ಅವನು ತನ್ನ ಪಾದವನ್ನೇ ನೋಡುತ್ತ ಮೂರನೇ ಹಾಡಿನ ಕೊನೆಯವರೆಗೂ ಅಲುಗದೆ ಕುಳಿತ. ಅಡುಗೆಮನೆಯಲ್ಲಿ ಕಾಫಿ ಉಕ್ಕಿ ಒಲೆಗೆ ಬಿದ್ದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

"ನಿಲ್ಸು," ಎಂದ.

ನಿಲ್ಲಿಸಿದಳು.

"ಆ ಬೇಸಿಗೇಲಿ ಕಿವಿಯೊಳಗೆ ಜೇನುನೊಣ ಗುಂಯ್‌ಗುಟ್ಟಿದ ಹಾಗೆ ಆಗ್ತಿತ್ತು. ಸ್ಪೀಕರ್ ಹತ್ರ ನಿಂತು ನಿಂತು ಹಾಗಾಗಿದೆ, ಹೋಗುತ್ತೆ ಅಂದ್ಕೊಂಡೆ. ವೇದಿಕೇಲಿ ಡ್ರಮ್ ನನ್ನ ಬಲಕ್ಕಿತ್ತು ಅಲ್ವಾ? ಹೂಂ. ಬಲಕ್ಕೇ." ಕಾಲಿನಿಂದ ಕುರ್ಚಿ ಹಿಂದಕ್ಕೆ ಸರಿಸಿದ. "ಮುಂದಿನ ವರ್ಷ ಲಾರಿಸಾದಲ್ಲಿ ಡಾಕ್ಟ್ರು ಹೇಳಿದ್ರು, ಇದು ವಾಪಸ್ ಬರಲ್ಲ ಅಂತ. ಆಗ್ಲೂ ನನಗೆ ಹೊಳೀಲಿಲ್ಲ. ಹೋಗ್ಲಿ ಬಿಡು, ಕಿವಿ ಹೋಗೋಕೆ ಮುಂಚೆ ಒಂದು ಸಂಜೆ ಆದ್ರೂ ಸರಿಯಾಗಿ ನುಡಿಸಿದ್ನಲ್ಲ ಅಂದ್ಕೊಂಡು ಇದ್ದೆ. ಅದೊಂದನ್ನ ಇಟ್ಕೊಂಡಿದ್ದೆ."

"ಅದಕ್ಕೇ ನಾನು—"

"ಅದಕ್ಕೇ ನೀನು." ಅವನು ಎದ್ದ. ದನಿ ಈಗ ಸಣ್ಣದಾಗಿತ್ತು, ಅವನಿಗೇ ಕೇಳಿಸಿತೋ ಇಲ್ಲವೋ. "ನನ್ನ ಮೇಲೆ ಕನಿಕರ ತೋರಿಸು ಅಂತ ನಿನಗೆ ಯಾರು ಹೇಳಿದ್ರು? ಇಪ್ಪತ್ತು ವರ್ಷ ನಿನ್ನ ಬೈಕೊಂಡು ಓಡಾಡಿದೀನಿ. ಬೈಯೋಕೆ ಬಿಟ್ಟೆ ನೀನು. ಒಂದು ಮಾತು ಹೇಳಿದ್ರೆ ನಾಲ್ಕು ದಿನ ಅತ್ತು ಸುಮ್ನಾಗ್ತಿದ್ದೆ."

"ಬೈದ್ರೆ ಬೈಕೊಳ್ಳಲಿ ಅಂದ್ಕೊಂಡೆ. ನುಡಿಸೋದನ್ನೇ ಬಿಡ್ತೀಯ ಅಂತ ಗೊತ್ತಿರ್ಲಿಲ್ಲ. ನನ್ನನ್ನೂ..." ಎಂದು ನಿಲ್ಲಿಸಿದಳು. ಅವನು ಆಗಲೇ ಬಲಗಿವಿ ಅವಳ ಕಡೆಯಾಗುವಂತೆ ತಿರುಗಿ ಬಾಗಿಲು ದಾಟುತ್ತಿದ್ದ. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಇಳಿಯುತ್ತ ಹೋಯಿತು. ಅವಳು ಒಲೆಯ ಮೇಲೆ ಕರಕಾಗಿದ್ದ ಕಾಫಿ ಉಜ್ಜಿ ಉಜ್ಜಿ ತೊಳೆದಳು.

ಗಾಳಿ ನಿಂತ ಆ ಬಿಸಿಲಿನ ದಿನಗಳು ಮುಗಿದು ಪೆಲಿಯೋನ್ ಬೆಟ್ಟದ ಮೇಲಿಂದ ಹಿಮದ ಗಾಳಿ ಇಳಿಯಿತು. ಲೆಮೋನಿಯಾ ಶನಿವಾರ ಮೋರ್ಫೋಳ ಅಂಗಡಿಗೆ ಹೋಗಲಿಲ್ಲ. ನೆಗಡಿ ಎಂದಳು. ಮುಂದಿನ ಶನಿವಾರವೂ ನೆಗಡಿಯೇ. ತಾನು ಅವನನ್ನು ಕಾಪಾಡಿದೆ ಎಂದು ಇಷ್ಟು ದಿನ ನಂಬಿಕೊಂಡು ಬದುಕಿದವಳಿಗೆ, ಅವನಿಂದ ಏನನ್ನೋ ಕದ್ದಿಟ್ಟುಕೊಂಡವಳು ನೀನು ಎಂದು ಯಾರೋ ಮನೆಯ ಗೋಡೆಗಳಿಂದಲೇ ಹೇಳುತ್ತಿದ್ದ ಹಾಗಿತ್ತು. ಲಾಬ್ರೋಸ್‌ಗೆ ಫೋನು ಮಾಡಿ, ಹಳೆಯದೆಲ್ಲ ಹಾಳಾಗಿದೆ, ಏನೂ ಉಳಿದಿಲ್ಲ ಎಂದು ಹೇಳಿಬಿಡೋಣ ಎಂದುಕೊಂಡಳು. ಹೇಳಲಿಲ್ಲ.

ಕೊನೆಗೆ ಥ್ರಾಸೊಸ್‌ನೇ ಮಾಂಸದ ಪೊಟ್ಟಣ ಹಿಡಿದು ಬಂದ. "ಸೂಪ್ ಮಾಡ್ಕೊ, ನೆಗಡಿ ಹೋಗುತ್ತೆ. ಆಮೇಲೆ, ಅರ್ಗಿರಿಸ್ ಸಿಕ್ಕಿದ್ದ. ಇದ್ದ ಹಾಗೇ ಹಾಕೋಕೆ ಹೇಳು ಅಂದ. ಏನನ್ನೂ ಸರಿ ಮಾಡೋದು ಬೇಡ್ವಂತೆ. ಏನು ಅಂತ ಅವಳಿಗೆ ಗೊತ್ತು ಅಂದ. ಏನೇ ಅದು?"

"ಇದ್ದ ಹಾಗೇ ಅಂದ್ನಾ?"

"ಎರಡು ಸಲ ಹೇಳ್ದ. ಮೊದಲನೇ ಸಲ ನನಗೇ ಕಿವಿ ಕೇಳ್ಸಲ್ಲ ಅಂದ್ಕೊಂಡು ಕಿರುಚಿದ."

ಅವಳು ಆ ಸಂಜೆಯೇ ಕೆಲಸ ಹಿಡಿದಳು. ಬಾಸನ್ನು ಮೇಲಕ್ಕೆ ತಂದಳು, ಇನ್ನೂ ಮೇಲಕ್ಕೆ, ಅದು ಇರಬೇಕಾದ ಜಾಗಕ್ಕೆ. ಒಂದು ಸ್ವರವನ್ನೂ ಕತ್ತರಿಸಲಿಲ್ಲ, ಸರಿಸಲಿಲ್ಲ. ಲಾಬ್ರೋಸ್ ಅದನ್ನು ಕೇಳಿ ಫೋನು ಮಾಡಿ, "ನಿಮ್ಮಿಬ್ಬರದೂ ಒಪ್ಪಿಗೆ ಇದ್ರೆ ನನ್ನದೇನು," ಎಂದ.

ಮಾರ್ಚಿನ ಒಂದು ಶನಿವಾರ, ಹೊಸ ವಿಡಿಯೋ ಹೊರಬಂದ ದಿನ, ಮೋರ್ಫೋಳ ಅಂಗಡಿಯಲ್ಲಿ ಕುರ್ಚಿ ಸಾಲಲಿಲ್ಲ. ಜನ ಸೀಸೆಯ ಪೆಟ್ಟಿಗೆಗಳ ಮೇಲೂ ಕೂತಿದ್ದರು. ಲೆಮೋನಿಯಾ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮೊದಲ ಹಾಡಿಗೆ ಬಾಸ್ ಎದೆಗೆ ಬಡಿಯಿತು. ಥ್ರಾಸೊಸ್ ಕುರ್ಚಿಯ ಮೇಲೆ ಹತ್ತಿ ನಿಂತು ಎರಡೂ ಕೈ ಎತ್ತಿದ. ಜನ ಕೂಗಿ ಗ್ಲಾಸು ಬಡಿದರು. ಎರಡನೇ ಹಾಡಿನ ನಡುವೆ ಕೂಗು ಒಂದೊಂದಾಗಿ ಅಡಗಿತು. ಸೊಟಿರಿಸ್ ಮೇಜಿನ ಮೇಲೆ ಬೆರಳಿನಿಂದ ಎಣಿಸಿ ನೋಡಿ ಹುಬ್ಬು ಗಂಟಿಕ್ಕಿದ. ಥ್ರಾಸೊಸ್ ಕುರ್ಚಿಯಿಂದ ಇಳಿದ.

"ಏನ್ರೋ ಇದು? ನಮ್ಮ ಭಾವ ಕುಡಿದು ಮನೆಗೆ ಹೋಗೋ ಹಾಗಿದೆಯಲ್ಲೋ ಬಾಸು! ಇದಕ್ಕಾ ನಾನು ಇಪ್ಪತ್ತು ವರ್ಷ ಗಂಟಲು ಹರ್ಕೊಂಡಿದ್ದು?"

"ನಿಮ್ಮ ಭಾವನಿಗಿಂತ ಸ್ವಲ್ಪ ನೆಟ್ಟಗಿದೆ ಕಣೋ," ಎಂದಿತು ಒಂದು ಜೋರು ದನಿ.

ಎಲ್ಲರೂ ತಿರುಗಿದರು. ಬೀದಿಯ ಬಾಗಿಲಲ್ಲಿ ಅರ್ಗಿರಿಸ್ ನಿಂತಿದ್ದ. ಶುಭ್ರವಾದ ಅಂಗಿ ತೊಟ್ಟಿದ್ದ, ಗಡ್ಡ ಕತ್ತರಿಸಿಕೊಂಡಿದ್ದ. ಆ ಅಂಗಡಿಗೆ ಅವನು ಕಾಲಿಟ್ಟದ್ದು ಎಷ್ಟು ವರ್ಷದ ಮೇಲೋ. ಥ್ರಾಸೊಸ್‌ನ ಮುಖ ಅವನ ಅಂಗಡಿಯ ಮಾಂಸದ ಬಣ್ಣಕ್ಕೆ ತಿರುಗಿತು.

"ಅವತ್ತು ನನ್ನ ಈ ಕಿವಿ ಸತ್ತಿತ್ತು, ನನಗೇ ಗೊತ್ತಿರ್ಲಿಲ್ಲ," ಎಂದು ಅರ್ಗಿರಿಸ್ ಬಲಗಿವಿ ಮುಟ್ಟಿ ತೋರಿಸಿದ. "ಎದುರು ಗೋಡೆ ವಾಪಸ್ ಕಳಿಸಿದ್ದನ್ನ ಕೇಳ್ಕೊಂಡು ನುಡಿಸಿದೀನಿ. ನೀವು ಯಾರೂ ನಗಬಾರದು ಅಂತ ಅವಳು ಮುಚ್ಚಿಟ್ಲು. ಈಗ ನಗ್ಬೇಕು ಅನ್ನೋರು ನಕ್ಕುಬಿಡಿ. ಮೋರ್ಫಕ್ಕ, ನನಗೊಂದು ಸೀಸೆ."

ಯಾರೂ ನಗಲಿಲ್ಲ. ಮೋರ್ಫೋ ಸೀಸೆ ತಂದಿಟ್ಟಳು. ಅಷ್ಟರಲ್ಲಿ ಟೀವಿಯಲ್ಲಿ ನಾಲ್ಕನೇ ಹಾಡು ಶುರುವಾಗಿತ್ತು, ಆ ಕಾರ್ಯಕ್ರಮದಲ್ಲಿದ್ದ ಒಂದೇ ನಿಧಾನದ ಹಾಡು. ಡ್ರಮ್ಮರ್ ಒಂದೊಂದೇ ಪೆಟ್ಟನ್ನು ಬಿಡುವು ಕೊಟ್ಟು ಹಾಕುತ್ತಿದ್ದ. ಬಾಸ್ ಗೋಡೆಯ ಪ್ರತಿಧ್ವನಿಯ ಹಿಂದೆಯೇ ಬಂತು, ಅಷ್ಟೇ ತಡವಾಗಿ. ಆದರೆ ಈ ಹಾಡಿನ ನಡೆಗೆ ಆ ತಡ ಸರಿಯಾಗಿ ಎರಡು ಪೆಟ್ಟುಗಳ ನಟ್ಟನಡುವೆ ಬಂದು ಕೂತಿತು. ಡ್ರಮ್ಮು ಒಂದು ಮಾತು ಹೇಳುತ್ತಿತ್ತು, ಅದು ಆರುವ ಮುಂಚೆ ಬಾಸ್ ಅದನ್ನು ಎತ್ತಿಕೊಳ್ಳುತ್ತಿತ್ತು. ಬೇಕೆಂದು ಕೂರಿಸಿದರೂ ಹಾಗೆ ಕೂರುತ್ತಿರಲಿಲ್ಲ. ಪರದೆಯ ಮೇಲೆ ಕೆಂಪು ಧೂಳು ತೇಲುತ್ತಿತ್ತು. ಅದರೊಳಗೆ ಕಣ್ಣು ಮುಚ್ಚಿದ ಹುಡುಗ ತಲೆ ವಾಲಿಸಿಕೊಂಡು ನುಡಿಸುತ್ತಿದ್ದ. ಅಂಗಡಿಯೊಳಗೆ ಚಮಚ ತಟ್ಟೆಗೆ ತಾಗಿದ ಸದ್ದೂ ಇರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಬಾಗಿಲಲ್ಲಿ ನಿಂತರು.

ಅರ್ಗಿರಿಸ್ ಎಡಗಿವಿಯನ್ನು ಟೀವಿಯ ಕಡೆ ಮಾಡಿ, ಗ್ಲಾಸನ್ನು ತುಟಿಯ ಹತ್ತಿರ ಹಿಡಿದೇ ಇದ್ದ. ಕುಡಿಯಲಿಲ್ಲ.

"ನಾನು ಅವತ್ತು ಗೋಡೆ ಹತ್ರಾನೇ ನಿಂತಿದ್ದೆ," ಎಂದಳು ಎವಾಂಥಿಯಾ ಹಾಡು ಮುಗಿದ ಮೇಲೆ. ಕಣ್ಣು ಒರೆಸಿಕೊಂಡಳು. "ಮನೆಗೆ ಹೋಗಿ ಡಿಸ್ಕ್ ಹಾಕಿದ್ರೆ ಈ ಹಾಡು ಮಾತ್ರ ಅವತ್ತು ಕೇಳಿದ ಹಾಗೆ ಸಿಗ್ತಾನೇ ಇರ್ಲಿಲ್ಲ. ಬೇರೆ ಯಾವ್ದೋ ಶೋ ಜೊತೆ ಕಲಸ್ಕೊಂಡಿದೀನಿ, ನನಗೇ ಕನಸು ಬಿದ್ದಿರ್ಬೇಕು ಅಂದ್ಕೊಂಡಿದ್ದೆ."

"ಉಳಿದಿದ್ದೆಲ್ಲ ತಾಳ ತಪ್ಪಿದೆ," ಎಂದ ಸೊಟಿರಿಸ್. "ಅದು ತಪ್ಪೇ. ಆದ್ರೆ ಇದು... ಇದನ್ನ ಏನನ್ಬೇಕು?"

"ಏನೂ ಅನ್ಬೇಡ. ಕುಡಿ," ಎಂದ ಥ್ರಾಸೊಸ್. ಅವನು ಎದ್ದು ಅರ್ಗಿರಿಸ್‌ನ ಗ್ಲಾಸು ಆಗಲೇ ತುಂಬಿದ್ದರೂ ಮತ್ತೆ ಹೊಯ್ದು ಮೇಜೆಲ್ಲ ಒದ್ದೆ ಮಾಡಿದ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, ಲೆಮೋನಿಯಾಳ ಎರಡೂ ಕೆನ್ನೆ ಹಿಡಿದು ತಲೆಗೆ ಮುತ್ತಿಟ್ಟು ಹೋದ.

ಮಧ್ಯಾಹ್ನ ಇಳಿಯುವವರೆಗೂ ಜಗಳ ನಡೆಯಿತು. ಫೋನಿನಲ್ಲಿ ಬರುತ್ತಿದ್ದುದನ್ನು ಯಾರಾದರೊಬ್ಬರು ಗಟ್ಟಿಯಾಗಿ ಓದುತ್ತಿದ್ದರು. ಹಾಳು ಮಾಡಿಬಿಟ್ಟರು, ಹಳೆಯದೇ ವಾಸಿ ಎಂದು ಒಬ್ಬ. ಇಷ್ಟು ವರ್ಷ ಯಾಕೆ ಬಚ್ಚಿಟ್ಟಿದ್ದರು ಎಂದು ಇನ್ನೊಬ್ಬಳು. ನಾಲ್ಕನೇ ಹಾಡನ್ನು ಹದಿನೈದು ಸಲ ಹಾಕಿದೆ, ಹೆಂಡತಿ ಮನೆ ಬಿಟ್ಟು ಹೋಗುತ್ತೇನೆ ಅನ್ನುತ್ತಿದ್ದಾಳೆ ಎಂದು ಚಿಲಿಯವನು. ಅರ್ಗಿರಿಸ್ ಎಲ್ಲಕ್ಕೂ ತಲೆಯಾಡಿಸುತ್ತ ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದ. ಲೆಮೋನಿಯಾ ಕೋಟು ತೆಗೆದುಕೊಂಡಾಗ ಅವನೂ ಎದ್ದ.

ಇಬ್ಬರೂ ದಡದ ದಾರಿ ಹಿಡಿದರು. ಗಾಳಿ ಇತ್ತು, ಚಳಿ ಇರಲಿಲ್ಲ. ದ್ವೀಪಗಳಿಗೆ ಹೋಗುವ ಹಡಗು ಬಂದರು ಬಿಟ್ಟು ಕೊಲ್ಲಿಯ ನಡುವೆ ಸಣ್ಣದಾಗುತ್ತಿತ್ತು. ಬಹಳ ದೂರ ನಡೆದ ಮೇಲೆ ಲೆಮೋನಿಯಾ ನೀರಿನ ಕಡೆ ನೋಡುತ್ತ ಏನೋ ಹೇಳಿದಳು. ಅರ್ಗಿರಿಸ್ ಉತ್ತರಿಸಲಿಲ್ಲ. ಅವಳು ಅವನ ಬಲಕ್ಕಿದ್ದಳು. ನಾಲ್ಕು ಹೆಜ್ಜೆ ಹೋದ ಮೇಲೆ ಅವಳ ತುಟಿ ಆಡಿದ್ದನ್ನು ಅವನು ಕಂಡಿರಬೇಕು. ನಿಂತ. ಅವಳನ್ನು ಮುಂದೆ ಬಿಟ್ಟು, ಅವಳ ಬೆನ್ನ ಹಿಂದಿನಿಂದ ಸುತ್ತಿ ಬಂದು, ಆಚೆ ಪಕ್ಕಕ್ಕೆ ಸೇರಿಕೊಂಡ.

"ಈಗ ಹೇಳು," ಎಂದ.

ಹಡಗು ಬೆಟ್ಟದ ಮರೆಗೆ ಹೋಗಿಬಿಟ್ಟಿತ್ತು. ಅದರ ಅಲೆ ಈಗ ಬಂದು ದಡದ ಕಲ್ಲಿಗೆ ತಾಗಿತು. ಸಾಲಾಗಿ ಕಟ್ಟಿದ್ದ ದೋಣಿಗಳು ಒಂದಾದ ಮೇಲೊಂದು ಮೆಲ್ಲಗೆ ಎದ್ದು ಇಳಿದವು.